ಮೂರು ಮಂದಿಯ ಹಗೇವು

ಜಗತ್ತು ಮುಗಿದುಹೋಗುವ ಕಾದಂಬರಿಗಳನ್ನು ಓದುವ ಚಟ ನನಗೆ ಹತ್ತಿದ್ದು ಕೊರೊನಾ ಕಾಲದಲ್ಲಿ. ನಾನು ಕಲಬುರಗಿಯ ಕುಸನೂರ ಕಡೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ, ಮನೆಯೂ ಅಲ್ಲೇ. ಊರು ಬಿಟ್ಟು ಹೊರಟ ಯಾರೋ ಪುಣ್ಯಾತ್ಮರು ಎರಡು ರಟ್ಟಿನ ಡಬ್ಬಿ ತುಂಬ ಇಂಗ್ಲಿಷ್ ಕಾದಂಬರಿ ನಮಗೆ ಕೊಟ್ಟುಹೋಗಿದ್ದರು. ಅವಕ್ಕೆ ನಂಬರು ಹಚ್ಚಿ ಕಪಾಟಿಗೆ ಸೇರಿಸುವ ಮೊದಲೇ ಕಾಲೇಜಿಗೆ ಬೀಗ ಬಿತ್ತು, ಡಬ್ಬಿಗಳು ನಮ್ಮ ಮನೆಗೆ ಬಂದವು. ಓಣಿಯಲ್ಲಿ ನಾಯಿ ಕೂಡ ತಿರುಗದ ಆ ದಿನಗಳಲ್ಲಿ ಮನಸ್ಸಿಗೆ ಧೈರ್ಯ ಕೊಡುವ ಏನನ್ನಾದರೂ ಓದಬೇಕಿತ್ತು. ನಾನು ಮನುಷ್ಯಕುಲ ನಾಶವಾಗುವುದನ್ನು ಒಂದಾದ ಮೇಲೊಂದು ಓದಿ ಮುಗಿಸಿದೆ.

ಒಂದರಲ್ಲಿ ಕರೆಂಟು ಹೋದದ್ದು ವಾಪಸು ಬರುವುದೇ ಇಲ್ಲ. ಇನ್ನೊಂದರಲ್ಲಿ ಬೆಳೆಗಳಿಗೆಲ್ಲ ರೋಗ. ಮತ್ತೊಂದರಲ್ಲಿ ಸಮುದ್ರ ಊರೊಳಗೆ ಬರುತ್ತದೆ. ಕಲಬುರಗಿಯಲ್ಲಿ ಕೂತವಳಿಗೆ ಅದೊಂದು ಸಮಾಧಾನ. ಕಾರಣ ಯಾವುದಾದರೂ ಆಮೇಲೆ ಆಗುವುದು ಒಂದೇ ಕಥೆ: ಒಬ್ಬ ಗಂಡಸು, ಒಂದು ಬಂದೂಕು, ನೆಲದೊಳಗೆ ಒಂದು ಖೋಲಿ, ಅದರ ತುಂಬ ಡಬ್ಬಿಯ ಊಟ. ಬಾಗಿಲು ಬಡಿದವರೆಲ್ಲ ಕಳ್ಳರು. ಅವನು ಒಂದು ದಿನವೂ ಪಾತ್ರೆ ತಿಕ್ಕಿದ್ದನ್ನು ನಾನು ಓದಿಲ್ಲ. ಆದರೂ ಅವನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೀರು ಕೂಡಿಡು, ನೆಲದ ಕೆಳಗೆ ಜಾಗ ನೋಡು, ಎಲ್ಲಕ್ಕಿಂತ ಮೊದಲು, ಯಾರಿಗೂ ಹೇಳಬೇಡ.

ಕಾಲೇಜು ಮತ್ತೆ ತೆರೆಯಿತು, ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡತೊಡಗಿದರು, ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ. ವರ್ಷದಿಂದ ವರ್ಷಕ್ಕೆ ಬಿಸಿಲು ಹೆಚ್ಚಾಗುತ್ತಿದೆ ಎಂದು ಮೈಯೇ ಹೇಳುತ್ತಿತ್ತು. ಟಿವಿ ಹಚ್ಚಿದರೆ ಯಾವುದೋ ದೇಶದ ಮೇಲೆ ಬಾಂಬು. ನಾನು ಹಾಸಿಗೆ ಇಡುವ ಪೆಟ್ಟಿಗೆಯೊಳಗೆ ಮೇಣಬತ್ತಿ, ಕಡ್ಡಿಪೆಟ್ಟಿಗೆ, ಉಪ್ಪು, ಔಷಧಿ ಕೂಡಿಟ್ಟೆ. ನಂದೂರಿನ ಮಿಲ್ಲಿನಿಂದ ತೊಗರಿಬೇಳೆ ತರಿಸಿ, ಹುಳ ಬೀಳದಂತೆ ಔಡಲೆಣ್ಣೆ ಸವರಿ, ಡಬ್ಬಿಗೆ ತುಂಬಿದೆ. ನಮ್ಮ ಮನೆಯವರು ಸಾಲಿಯಲ್ಲಿ ಗಣಿತ ಕಲಿಸುವವರು, ಯಾವುದನ್ನೂ ಲೆಕ್ಕ ಮಾಡದೆ ನಂಬುವುದಿಲ್ಲ. ಪ್ರಳಯಕ್ಕಿಂತ ಮೊದಲು ಬೇಳೆಗೆ ಹುಳ ಬರುತ್ತದೆ, ಬೇಕಾದರೆ ಪಂದ್ಯ ಕಟ್ಟು ಎಂದರು. ಹುಳವೇ ಮೊದಲು ಬಂತು. ಆ ವಾರವೆಲ್ಲ ಅವರು ಊಟಕ್ಕೆ ಕೂತಾಗ ಸಾರಿನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನನ್ನ ಹತ್ತಿರ ಒಂದು ನೋಟ್‌ಬುಕ್ಕೂ ಇತ್ತು. ಮೊದಲ ಪುಟದಲ್ಲಿ ಕೆಂಪು ಮಸಿಯಲ್ಲಿ 'ಆರು ತಿಂಗಳು, ಮೂರು ಮಂದಿ' ಎಂದು ಬರೆದಿದ್ದೆ. ನಾನು, ನಮ್ಮ ಮನೆಯವರು, ಪಿಯುಸಿ ಓದುತ್ತಿದ್ದ ಮಗಳು. ಜೋಳ ಎಷ್ಟು, ಬೇಳೆ ಎಷ್ಟು, ನೀರು ಎಷ್ಟು, ಎಲ್ಲ ಅದರಲ್ಲಿತ್ತು. ಎಲ್ಲಿ ಅಡಗಬೇಕು ಎನ್ನುವ ಪುಟ ಮಾತ್ರ ಖಾಲಿ ಇತ್ತು.

ಅಷ್ಟರಲ್ಲಿ ಒಂದು ಬೇಸಿಗೆ, ನಮ್ಮ ಭಾಗಕ್ಕೆ ಬರುವ ನೀರಿನ ದೊಡ್ಡ ಪೈಪು ಒಡೆಯಿತು. ಅದೇ ಹೊತ್ತಿಗೆ ಕರೆಂಟೂ ಕೈಕೊಟ್ಟಿತು, ಬೋರ್‌ವೆಲ್ ಇದ್ದವರೂ ಕೈಕಟ್ಟಿ ಕೂತರು. ಎರಡನೆಯ ದಿನ ಮಧ್ಯಾಹ್ನ ಪಕ್ಕದ ಮನೆಯಾಕೆ ನಮ್ಮ ಗೇಟಿನ ಹತ್ತಿರ ಬಂದಳು. ಕಂಕುಳಲ್ಲಿ ಪ್ಲಾಸ್ಟಿಕ್ ಕೊಡ, ಹಿಂದೆ ಸೆರಗು ಹಿಡಿದ ಮೊಮ್ಮಗಳು. ಒಂದು ಕೊಡ ಕುಡಿಯುವ ನೀರಿದ್ದರೆ ಕೊಡಿ ಎಂದಳು. ನಮ್ಮ ಹಿತ್ತಲಿನಲ್ಲಿ ಮೂರು ನೀಲಿ ಡ್ರಮ್ಮು ಕಂಠಮಟ ತುಂಬಿದ್ದವು. ನಾನು ಅವಳ ಮುಖ ನೋಡಿ, ನಮ್ಮಲ್ಲೂ ಇಲ್ಲರೀ ಎಂದೆ. ಅವಳು ಇರಲಿ ಬಿಡಿ ಎಂದು ಬಿಸಿಲಲ್ಲಿ ವಾಪಸು ಹೋದಳು.

ಒಳಗೆ ಬಂದರೆ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜಗಳ ತೆಗೆಯುತ್ತಾಳೆ ಎಂದುಕೊಂಡು ನಾನು ಉತ್ತರ ತಯಾರಿಟ್ಟುಕೊಂಡಿದ್ದೆ. ಅವಳು ಜಗಳ ತೆಗೆಯಲಿಲ್ಲ.

"ಆಯಿ, ಎಲ್ಲಾರೂ ಹೋದ ಮ್ಯಾಲ ನಾವು ಮೂರ ಮಂದಿ ಉಳದು ಯಾರ ಜೋಡಿ ಮಾತಾಡೋದು?" ಎಂದಳು.

ಚಿಕ್ಕ ಬಾಯಲ್ಲಿ ದೊಡ್ಡ ಮಾತು ಬೇಡ ಎಂದು ಗದರಿದೆ. ನಿನ್ನ ಸಲುವಾಗಿಯೇ ಇಷ್ಟೆಲ್ಲ ಒದ್ದಾಡುತ್ತಿದ್ದೇನೆ ಎಂದೆ. ಅವಳು ತನ್ನ ಖೋಲಿಗೆ ಹೋದಳು. ಮರುದಿನ ನಳಕ್ಕೆ ನೀರು ಬಂತು. ಆದರೆ ಅವಳು ಆಮೇಲೆ ಅನೇಕ ದಿನ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಯಾರನ್ನು ಉಳಿಸಿಕೊಳ್ಳಬೇಕೆಂದು ಇಷ್ಟು ಮಾಡುತ್ತಿದ್ದೆನೋ ಅವಳೇ ನನ್ನಿಂದ ದೂರ ಸರಿಯುತ್ತಿದ್ದಳು. ನನಗೆ ಅದು ಗೊತ್ತಾಗುತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಅಂಜಿಕೆಗೆ ಸೊಕ್ಕು ಸೇರಿದರೆ ಮನುಷ್ಯರು ಹೀಗೇ ಆಗುತ್ತಾರೋ ಏನೋ.

ಖಾಲಿ ಪುಟಕ್ಕೆ ಉತ್ತರ ಹೊಳೆದದ್ದು ಆ ದಿನಗಳಲ್ಲೇ. ಕಮಲಾಪುರದಲ್ಲಿ ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಇರುತ್ತಾಳೆ. ಸಾಲಿ ಕಲಿಸಿ ನಿವೃತ್ತಳಾದವಳು, ಮಾತು ಜೋರು. ಒಬ್ಬಳೇ ಇರುತ್ತೀಯಲ್ಲ ಎಂದು ಯಾರಾದರೂ ಕನಿಕರ ತೋರಿಸಿದರೆ ಸಿಟ್ಟಿಗೇಳುತ್ತಾಳೆ, ಏಕೆಂದರೆ ಆ ಮನೆಯಲ್ಲಿ ಒಬ್ಬಳೇ ಇರುವುದು ಸಾಧ್ಯವೇ ಇಲ್ಲ. ಮುಂದಿನ ಖೋಲಿಯಲ್ಲಿ ಮೊಬೈಲು ರಿಪೇರಿ ಅಂಗಡಿ. ಗೋಡೆಯಾಚೆ, ಗೌಂಡಿಯಾಗಿ ಊರಿನ ಮನೆಗಳನ್ನು ಕಟ್ಟಿ ಈಗ ಮನೆಯಲ್ಲೇ ಇರುವ ಭಾಯಿ ಮತ್ತು ಅವರ ಹೆಂಡತಿ. ಹಿತ್ತಲಿನ ಕೆಂಪು ಮಣ್ಣಿನಲ್ಲಿ ಕೆಂಪು ಬಾಳೆ, ಹಣ್ಣಾದ ಗೊನೆ ಕೇಳಿಕೊಂಡು ಬರುವವರು ಬೇರೆ. ಆ ಬಾಳೆಗಳ ಪಕ್ಕದಲ್ಲಿ ಒಂದು ಹಳೆಯ ಹಗೇವು ಇತ್ತು. ಹಗೇವು ಅಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಖೋಲಿಯಷ್ಟು. ನಮ್ಮ ಹಿರಿಯರು ಬರಗಾಲಕ್ಕೆಂದೇ ತೋಡಿಸಿದ್ದು. ಇಂಗ್ಲಿಷ್ ಕಾದಂಬರಿಯ ಆ ನೆಲದೊಳಗಿನ ಖೋಲಿ ನಮ್ಮ ಮೌಶಿಯ ಹಿತ್ತಲಲ್ಲೇ ಇತ್ತು, ನಾನು ಹುಟ್ಟುವ ಮೊದಲಿನಿಂದಲೂ.

ಅಷ್ಟರಲ್ಲಿ ಮೌಶಿ ಫೋನಿನಲ್ಲಿ, ಹಗೇವು ಸುಮ್ಮನೆ ಜಾಗ ಹಿಡಿದಿದೆ, ಮಳೆ ಬೀಳುವ ಮೊದಲು ಮಣ್ಣು ತುಂಬಿಸಿ ಅಲ್ಲಿಯೂ ಬಾಳೆ ಹಚ್ಚುತ್ತೇನೆ ಎಂದಳು. ಅದಕ್ಕಿಂತ ಮೊದಲು ನಾನು ಒಳಗೆ ಇಳಿದು ನೋಡಬೇಕಿತ್ತು. ಒಂದು ಗುರುವಾರ ರಜೆ ಹಾಕಿ, ಚೀಲದಲ್ಲಿ ಟಾರ್ಚು, ಹಗ್ಗ, ನೋಟ್‌ಬುಕ್ಕು ಇಟ್ಟುಕೊಂಡು ಹುಮನಾಬಾದ ರಸ್ತೆಯ ಬಸ್ಸು ಹತ್ತಿದೆ. ಮನೆಯಲ್ಲಿ ಮೌಶಿಯನ್ನು ನೋಡಿಬರುತ್ತೇನೆ ಎಂದಷ್ಟೇ ಹೇಳಿದ್ದೆ. ಕಮಲಾಪುರದಲ್ಲಿ ಇಳಿದು ಮೌಶಿಗೆ, ನಿನ್ನ ಕೈಯ ಅವಲಕ್ಕಿ ನೆನಪಾಯಿತು, ಬಂದೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಿಂಡಿ ಆಮೇಲೆ, ಮೊದಲು ನನ್ನ ಪೂಜೆ ಎಂದು ಸ್ನಾನಕ್ಕೆ ಹೋದಳು.

ಮೌಶಿ ಮಡಿಯುಟ್ಟಳು ಅಂದರೆ ಒಂದು ತಾಸು ಲೋಕದ ಹಂಗಿಲ್ಲ. ಆ ಹೊತ್ತಿನಲ್ಲಿ ಅವಳು ಯಾರನ್ನೂ ಮುಟ್ಟುವುದಿಲ್ಲ, ಅವಳನ್ನೂ ಯಾರೂ ಮುಟ್ಟುವಂತಿಲ್ಲ. ಬಾಗಿಲಿಗೆ ಬೀಗರು ಬಂದರೂ ಕಾಯಬೇಕು. ಚಿಕ್ಕವಳಿದ್ದಾಗ ನಾನು ಹಿತ್ತಲಲ್ಲಿ ಬಿದ್ದು ಮೊಳಕಾಲು ಒಡೆದುಕೊಂಡು ಅತ್ತಿದ್ದೆ. ಆಗಲೂ ಅವಳು ದೂರ ನಿಂತೇ, ಮೇಲೇಳು, ಏನೂ ಆಗಿಲ್ಲ ಎಂದು ಸಮಾಧಾನ ಮಾಡಿದ್ದಳು. ಆ ಒಂದು ತಾಸು ನನಗೆ ಸಾಕಿತ್ತು.

ಮೊದಲು ಹಗೇವಿನ ಬಾಯಿಗೆ ಒಂದು ದೊಡ್ಡ ಬಂಡೆ ಇತ್ತಂತೆ. ಅದು ಒಡೆದ ಮೇಲೆ ಎರಡು ತೆಳು ಫರ್ಸಿ ಕಲ್ಲು ಹೊಂದಿಸಿ, ಸಂದಿಗೆ ಮಣ್ಣು ಮೆತ್ತಿದ್ದರು. ನಾನು ಹಿತ್ತಲಲ್ಲಿದ್ದ ಹಾರೆಯಿಂದ ಮಣ್ಣು ಕೆದರಿ ಒಂದು ಕಲ್ಲನ್ನು ಮೀಟಿ ಸರಿಸಿದೆ. ಒಳಗಿನಿಂದ ಬೆಚ್ಚನೆಯ, ಕೊಳೆತ ಹುಲ್ಲಿನ ವಾಸನೆ ಬಂತು. ಟಾರ್ಚು ಬಿಟ್ಟರೆ ತಳ ಕಾಣುತ್ತಿತ್ತು, ಕೈಗೆ ಎಟುಕುವಷ್ಟೇ ಆಳ ಅನ್ನಿಸುತ್ತಿತ್ತು. ಬದಿಯಲ್ಲಿ ಇಳಿಯಲು ಗುಳಿಗಳಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ನೋಟ್‌ಬುಕ್ಕು ತೆಗೆದು ಖಾಲಿ ಪುಟದಲ್ಲಿ 'ಕಮಲಾಪುರ' ಎಂದು ಬರೆದೆ. ಹಗ್ಗದ ಒಂದು ತುದಿಯನ್ನು ಬೇವಿನ ಗಿಡಕ್ಕೆ ಕಟ್ಟಿ, ಬಾಯಿಯ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಬಿಟ್ಟೆ.

ಆಗ ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನಾನು ಮಣ್ಣಿನ ಮೇಲೆ ಬೆನ್ನಡಿಯಾಗಿ ಬಿದ್ದೆ. ನೋಡಿದರೆ ಮೌಶಿ, ಹಾರೆಯ ಸದ್ದಿಗೆ ಪೂಜೆ ಬಿಟ್ಟು ಓಡಿಬಂದಿದ್ದಳು. ಒದ್ದೆ ಕೂದಲು, ಮಡಿಸೀರೆ, ಹಣೆಯ ಮೇಲಿನ ಗಂಧ ಇನ್ನೂ ಆರಿರಲಿಲ್ಲ. ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದು ಕೈಯಲ್ಲಿ ನನ್ನ ಜಡೆ. ಬಸ್ಸಿನಲ್ಲಿ ಬಂದ ಮೈಯ ನನ್ನನ್ನು ಅವಳು ಬಾಚಿ ತಬ್ಬಿಕೊಂಡಳು. ಮಡಿಯಲ್ಲಿದ್ದ ಮೌಶಿಯ ಕೈ ನನ್ನ ಮೈಮೇಲೆ ಬಿದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಬೈಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಹೋಗಿ ಕಂದೀಲು ತಂದಳು. ಅದನ್ನು ಹಚ್ಚಿ, ನಾನು ತಂದ ಹಗ್ಗಕ್ಕೇ ಕಟ್ಟಿ, ನಿಧಾನವಾಗಿ ಒಳಗೆ ಇಳಿಬಿಟ್ಟಳು. ನನ್ನ ಎದೆಯೆತ್ತರದಷ್ಟು ಇಳಿದಿತ್ತೋ ಇಲ್ಲವೋ, ದೀಪ ಸಣ್ಣದಾಯಿತು, ನೀಲಿಯಾಯಿತು, ಆರಿಹೋಯಿತು. ಎಳೆದು ಮತ್ತೆ ಹಚ್ಚಿ ಇಳಿಸಿದಳು. ಮತ್ತೆ ಅಲ್ಲಿಗೇ ಆರಿತು. ಒಳಗೆ ಗಾಳಿ ಕಾಣಿಸುವುದಿಲ್ಲ, ಕೆಟ್ಟದ್ದೋ ಒಳ್ಳೆಯದೋ ಎಂದು ಗೊತ್ತಾಗುವುದಿಲ್ಲ. ನಾನು ಇಳಿದಿದ್ದರೆ ಕೂಗುವಷ್ಟೂ ಉಸಿರು ಉಳಿಯುತ್ತಿರಲಿಲ್ಲ. ಪ್ರಳಯದಿಂದ ತಪ್ಪಿಸಿಕೊಳ್ಳಲು ಹೋಗಿ, ಅವಲಕ್ಕಿಯನ್ನೂ ತಿನ್ನದೆ, ಒಂದು ಗುರುವಾರ ಬೆಳಿಗ್ಗೆ ಸಾಯುತ್ತಿದ್ದೆ. ಅದು ತಲೆಗೆ ಇಳಿದಾಗ ಅಲ್ಲೇ ಕೂತು ಅತ್ತೆ.

ಮೌಶಿ ಮಣ್ಣಲ್ಲಿ ಬಿದ್ದಿದ್ದ ನೋಟ್‌ಬುಕ್ಕನ್ನು ಎತ್ತಿಕೊಂಡು ಓದಿದಳು. ಸಾಲಿ ಮಕ್ಕಳ ಉತ್ತರ ತಿದ್ದುವವಳಂತೆ ಒಂದೊಂದೇ ಪುಟ ತಿರುವಿದಳು. ಕೊನೆಗೆ ಮೊದಲ ಪುಟಕ್ಕೆ ವಾಪಸು ಬಂದು ಬೆರಳಿಟ್ಟಳು.

"ಹಗೇವು ನಂದು," ಎಂದಳು. "ಇದರಾಗ ನಾ ಎಲ್ಲಿದ್ದೀನಿ?"

ಎರಡು ವರ್ಷ ತಿದ್ದಿ ತೀಡಿದ ಪಟ್ಟಿಯಲ್ಲಿ ಅವಳ ಹೆಸರು ಬರೆಯಬೇಕೆಂದು ಒಂದು ಸಲವೂ ಹೊಳೆದಿರಲಿಲ್ಲ. ಅವಳ ಮನೆಯ ಹಗೇವು, ಅವಳ ಹೊಲದ ಜೋಳ, ಎಲ್ಲ ಬೇಕಿತ್ತು, ಅವಳೊಬ್ಬಳನ್ನು ಬಿಟ್ಟು. ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು. ಮೌಶಿ ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಹಾಕಿ, ನನ್ನಿಂದ ಎರಡು ಸಲ ಸ್ನಾನ ಆಯಿತು ಎಂದು ಗೊಣಗುತ್ತ ಮತ್ತೆ ಬಚ್ಚಲಿಗೆ ಹೋದಳು. ಪೂಜೆ ಮೊದಲಿಂದ ಶುರುವಾಯಿತು. ಅವಲಕ್ಕಿ ಸಿಕ್ಕಾಗ ಹನ್ನೆರಡು ಹೊಡೆದಿತ್ತು.

ಅಷ್ಟೊತ್ತಿಗೆ ಸುದ್ದಿ ಗೋಡೆ ದಾಟಿತ್ತು. ಭಾಯಿ ಬಂದು ಹಗೇವಿನ ಬಾಯಿ ನೋಡಿ ತಲೆ ಅಲ್ಲಾಡಿಸಿದರು. ಹರೆಯದಲ್ಲಿ ಅವರು ಇದೇ ಹಗೇವಿಗೆ ಜೋಳ ತೆಗೆಯಲು ಇಳಿದವರಂತೆ. ಆ ದೊಡ್ಡ ಬಂಡೆ ಸರಿಸಲು ನಾಲ್ಕು ಮಂದಿ ಬೇಕಾಗುತ್ತಿತ್ತು, ಅದಕ್ಕೇ ಯಾರೂ ಒಬ್ಬರೇ ಇಳಿಯುತ್ತಿರಲಿಲ್ಲ, ಹಗುರ ಕಲ್ಲು ಮುಚ್ಚಿದ್ದೇ ತಪ್ಪಾಯಿತು ಎಂದರು. ಮಣ್ಣು ತುಂಬಿಸಲಿ ಬಿಡಲಿ, ಜೋಳಕ್ಕೆಂದು ಹಿಂದೆ ಹಾಸಿದ್ದ ಕೊಳೆತ ಹುಲ್ಲು ತೆಗೆದು ಗೋಡೆ ಗಟ್ಟಿ ಇದೆಯೋ ನೋಡಬೇಕು ಎಂಬುದು ಅವರ ಅಭಿಪ್ರಾಯ. ಅವರ ಮೊಳಕಾಲು ಸರಿ ಇಲ್ಲ. ನಾನು ಇಳಿಯುತ್ತೇನೆ ಎಂದೆ. ಮೌಶಿ ನನ್ನನ್ನು ದುರುಗುಟ್ಟಿ ನೋಡಿದಳು, ಆದರೆ ಬೇಡ ಅನ್ನಲಿಲ್ಲ.

ನಾನು ರಜೆ ಮುಂದುವರಿಸಿ ಅಲ್ಲೇ ಉಳಿದೆ. ಎರಡೂ ಕಲ್ಲು ಸರಿಸಿ, ಸುತ್ತ ಮುಳ್ಳು ಹಚ್ಚಿ, ಹಗೇವಿನ ಬಾಯಿಯನ್ನು ಮೂರು ದಿನ ತೆರೆದಿಟ್ಟೆವು. ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಒಳಗಿನ ಗಾಳಿ ಕದಡುವುದು ಓಣಿಯವರಿಗೆಲ್ಲ ಒಂದು ಕೆಲಸವಾಯಿತು. ಬಾಳೆಗೊನೆ ಕೇಳಲು ಬಂದವಳೂ ಎರಡು ಸಲ ಎಳೆದು ಹೋದಳು. ಗುಟ್ಟಾಗಿ ಮಾಡಬೇಕೆಂದಿದ್ದ ನನ್ನ ಕೆಲಸ ಅರ್ಧ ಕಮಲಾಪುರಕ್ಕೆ ಗೊತ್ತಾಯಿತು. ಭಾನುವಾರ ನಮ್ಮ ಮನೆಯವರೂ ಮಗಳೂ ಬಂದರು. ಮೌಶಿ ಫೋನಿನಲ್ಲೇ ಎಲ್ಲ ಹೇಳಿಬಿಟ್ಟಿದ್ದಳು. ನಮ್ಮ ಮನೆಯವರು ಸದಾ ಚೇಷ್ಟೆ ಮಾಡುವವರು, ಅವತ್ತು ಮಾತ್ರ ನನ್ನ ಕೈ ಹಿಡಿದುಕೊಂಡೇ ಹಗೇವಿನ ತನಕ ಬಂದರು. ಮಗಳು ನನ್ನ ಮುಖ ನೋಡಲಿಲ್ಲ, ಹಗ್ಗದ ಗಂಟು ಎಳೆದೆಳೆದು ನೋಡಿದಳು.

ಕಂದೀಲು ತಳದ ತನಕ ಇಳಿದು ಉರಿಯುತ್ತಲೇ ಉಳಿಯಿತು. ನನ್ನ ಸೊಂಟಕ್ಕೆ ಹಗ್ಗ ಬಿಗಿದರು. ಆಗ ಭಾಯಿ ಹತ್ತಿರ ಬಂದು ಹೇಳಿದರು:

"ಬೇಟಿ, ಒಳಗ ಇಳದವರು ಸುಮ್ಮ ಇರಬಾರ್ದು. ಎಣಸ್ಕೋತ ಇರಬೇಕು, ಜೋರಾಗಿ. ಆವಾಜ್ ಬಂದ್ ಆತಂದ್ರ ನಾವು ಜಗ್ತೀವಿ."

ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎಂದು ಶುರುಮಾಡುತ್ತಾರೆ. ಹಗೇವಿನೊಳಗೆ ಜೋಳ ತುಂಬುವವರು ಪ್ರತಿ ಬುಟ್ಟಿಗೂ ಕೂಗುತ್ತಿದ್ದದ್ದು ಅಳತೆಗಷ್ಟೇ ಅಲ್ಲ ಎಂದು ನನಗೆ ಆವತ್ತೇ ತಿಳಿದದ್ದು. ಒಳಗಿನವರು ಜೀವಂತ ಇದ್ದಾರೆ ಎಂದು ಮೇಲಿನವರಿಗೆ ಗೊತ್ತಾಗಬೇಕು. ನಾನು ಗುಳಿಗಳಲ್ಲಿ ಕಾಲಿಟ್ಟು ಇಳಿದೆ. ಕೊಳೆತ ಹುಲ್ಲನ್ನು ಬುಟ್ಟಿಗೆ ತುಂಬುತ್ತ ಕೂಗಿದೆ: ಲಾಭ, ಎರಡು, ಮೂರು. ಹನ್ನೊಂದಕ್ಕೋ ಹನ್ನೆರಡಕ್ಕೋ ಮೂಗಿಗೆ ಧೂಳು ಹೋಗಿ ಸೀನು ಬಂತು, ಎಣಿಕೆ ತಪ್ಪಿತು. ಒಂದು ಗಳಿಗೆಯೂ ಆಗಿರಲಿಲ್ಲ, ಹಗ್ಗ ಬಿಗಿಯಾಗಿ ನನ್ನ ಕಾಲು ನೆಲ ಬಿಟ್ಟಿತು. ಇದ್ದೇನೆ, ಇದ್ದೇನೆ ಎಂದು ಕೂಗಿದ ಮೇಲೆಯೇ ಬಿಟ್ಟರು.

ಆಗ ತಲೆಯೆತ್ತಿ ನೋಡಿದೆ. ಹಗೇವಿನ ಬಾಯಿ ದುಂಡಗೆ, ಅದರ ತುಂಬ ಬೆಳಕು, ಅಂಚಿನ ಸುತ್ತ ತಲೆಗಳು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಹಿಂದೆ ಬಿಸಿಲಿದ್ದುದರಿಂದ ಯಾರ ತಲೆ ಯಾರದೆಂದು ತಿಳಿಯುತ್ತಿರಲಿಲ್ಲ. ಮೌಶಿಯೋ, ಭಾಯಿಯ ಹೆಂಡತಿಯೋ, ಮೊಬೈಲು ಅಂಗಡಿಯವನೋ, ಮಗಳೋ, ಎಲ್ಲ ಒಂದೇ ಥರ ಕಪ್ಪಗೆ ಕಾಣುತ್ತಿದ್ದವು. ಹುಲ್ಲು ಬಿಟ್ಟು ಆ ತಲೆಗಳನ್ನು ಎಣಿಸಿದೆ, ಜೋರಾಗಿಯೇ. ಲಾಭದಿಂದ ಶುರುಮಾಡಿ ಏಳರ ತನಕ ಹೋಯಿತು. ನಾನು ಎರಡು ವರ್ಷ ಮೂರಕ್ಕೇ ನಿಂತಿದ್ದೆ. ನನಗೆ ಕಣ್ಣು ತುಂಬಿ ಬಂತು. ಆದರೂ ಎಣಿಸುವುದನ್ನು ಬಿಡಲಿಲ್ಲ, ಬಿಟ್ಟರೆ ಮತ್ತೆ ಜಗ್ಗುತ್ತಿದ್ದರು.

ಮೇಲೆ ಬಂದಾಗ ನನ್ನ ಕೂದಲಲ್ಲೆಲ್ಲ ಹುಲ್ಲು. ಮಗಳು ಒಂದೊಂದೇ ಎಳೆ ತೆಗೆಯುತ್ತ, ಎಣಿಕೆ ನಿಂತಾಗ ಮೊದಲು ಜಗ್ಗಿದ್ದು ತಾನೇ ಎಂದಳು. ಅವಳ ಅಂಗೈ ಕೆಂಪಾಗಿತ್ತು. ಬಹಳ ದಿನಗಳ ಮೇಲೆ ಅವಳು ತಾನಾಗಿ ನನ್ನ ಹತ್ತಿರ ಮಾತಾಡಿದ್ದು ಅದು. ಗೋಡೆ ಗಟ್ಟಿ ಇದೆ ಎಂದು ನಾನು ಹೇಳಿದ ಮೇಲೆ ಮೌಶಿ ಮಣ್ಣು ತುಂಬಿಸುವ ವಿಚಾರ ಬಿಟ್ಟಳು. ಬಾಳೆಗೆ ಬೇರೆ ಜಾಗ ನೋಡುತ್ತಾಳಂತೆ. ಸುಗ್ಗಿಗೆ ಎಲ್ಲರೂ ತಮ್ಮ ತಮ್ಮ ಜೋಳ ತಂದು ಸುರಿಯಲಿ, ಆದರೆ ಬಾಯಿಗೆ ನಾಲ್ಕು ಮಂದಿ ಎತ್ತುವಂಥ ಬಂಡೆಯೇ ಬೇಕು ಎಂದಳು. ಬಂಡೆ ಹುಡುಕುವ ಕೆಲಸ ಭಾಯಿ ವಹಿಸಿಕೊಂಡರು.

ನನ್ನ ಅಂಜಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗಲೂ ಅಂಥ ಕಾದಂಬರಿ ಸಿಕ್ಕರೆ ಬಿಡುವುದಿಲ್ಲ, ಆದರೆ ಓದುವಾಗ ಪ್ರತಿ ಪುಟದಲ್ಲೂ ಅವನ ಹಗ್ಗ ಯಾರ ಕೈಯಲ್ಲಿದೆ ಎಂದು ಹುಡುಕುತ್ತೇನೆ. ಕುಸನೂರಿಗೆ ವಾಪಸಾದ ಮರುದಿನ ಬೆಳಿಗ್ಗೆ ನನಗೆ ಇನ್ನೊಂದು ಕೆಲಸ ಉಳಿದಿತ್ತು. ಪಕ್ಕದ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೊತ್ತಂಬರಿ ಸೋಸುತ್ತಿದ್ದಳು. ಮಗಳು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಆವತ್ತು ನೀರಿಲ್ಲ ಅಂದೆನಲ್ಲ, ಅದು ಸುಳ್ಳು, ನಮ್ಮ ಹತ್ತಿರ ನೀರಿತ್ತು, ನನ್ನಿಂದ ತಪ್ಪಾಯಿತು ಎಂದೆ.

ಅವಳು ಕೊತ್ತಂಬರಿಯಿಂದ ತಲೆ ಎತ್ತದೆ ಹೇಳಿದಳು:

"ನಂಗ ಗೊತ್ತಿತ್ರೀ. ನಮ್ಮ ಮಾಳಿಗಿ ಮ್ಯಾಲ ನಿಂತ್ರ ನಿಮ್ಮ ಡ್ರಮ್ಮು ಮೂರೂ ಕಾಣಸ್ತಾವ."

ಮೇಲೆ ನೋಡಿದೆ. ಹೌದು, ಅವಳ ಮಾಳಿಗೆಯ ಗೋಡೆ ನಮ್ಮ ಹಿತ್ತಲಿನ ಮೇಲೆಯೇ ಇತ್ತು. ನಾನು ಇಡೀ ಜಗತ್ತಿನಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದನ್ನು ಅವಳು ದಿನಾಲೂ ಬಟ್ಟೆ ಒಣಗಹಾಕುವಾಗ ನೋಡುತ್ತಿದ್ದಳು. ನೀರಿದೆ ಎಂದು ಗೊತ್ತಿದ್ದೇ ಕೇಳಲು ಬಂದವಳು, ಇಲ್ಲ ಎಂದಾಗ ಇರಲಿ ಬಿಡಿ ಎಂದು ಹೋಗಿದ್ದಳು. ಆಮೇಲೆಯೂ ಹಬ್ಬಕ್ಕೆ ಹೋಳಿಗೆ ಕಳಿಸಿದ್ದಳು. ನಾನು, ಕೊಡ ಕೊಡಿರಿ ಎಂದೆ. ಇವತ್ತು ನಳ ಬಂದದ್ರೀ, ಮನೆ ತುಂಬ ನೀರಿದೆ ಎಂದು ನಕ್ಕಳು. ಇರಲಿ, ಕೊಡಿರಿ ಎಂದೆ.

ಅವಳು ಅದೇ ಪ್ಲಾಸ್ಟಿಕ್ ಕೊಡ ತಂದು ಕೊಟ್ಟಳು. ಮಗಳು ನನ್ನ ಕೈಯಿಂದ ಅದನ್ನು ಇಸಿದುಕೊಂಡು ಹಿತ್ತಲಿಗೆ ಹೋಗಿ, ಡ್ರಮ್ಮಿನಿಂದ ತುಂಬಿಸಿ ತಂದು ಅವಳ ಅಂಗಳದಲ್ಲಿ ಇಟ್ಟಳು. ಬೇಕಿಲ್ಲದ ನೀರನ್ನು ಏನು ಮಾಡಬೇಕೆಂದು ಪಕ್ಕದ ಮನೆಯಾಕೆ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮೊಮ್ಮಗಳನ್ನು ಕರೆದು, ಕರಿಬೇವಿನ ಗಿಡಕ್ಕೆ ಹಾಕು ಎಂದಳು.